ಹಾಜರಿಯ ಕೊನೆಯ ಹೆಸರು

ಇನ್ನೂ ಗಟ್ಟಿ, ಹೊರಗೆ ಮೆತ್ತಗೆ, ಬೆರಳಲ್ಲಿ ಒತ್ತಿದರೆ ನಡುವೆ ಒಂದು ಚೂರು ಹರಳು, ಹತ್ತು ನಿಮಿಷ ಸಾಲದು, ಹದಿನೈದಾದರೂ ಬೇಕು ಅಂದಿದ್ದರಲ್ಲ ದನದ ಡಾಕ್ಟರು, ಉಗುರುಬೆಚ್ಚಗಿನ ನೀರು ಅಮ್ಮ, ಕುದಿಯೋದು ಹಾಕ್ಬೇಡಿ, ಮುದಿ ನಾಯಿ, ನಾಲ್ಕು ಹಲ್ಲು ಹೋಗಿದೆ, ವಸಡು ನೋಯ್ತದೆ, ಪ್ಯಾಕೆಟ್ಟಿನ ಒಣಕಾಳು ಅಗಿಯಕ್ಕೆ ಎಲ್ಲಾಗ್ತದೆ — ಸರ್ವಮಂಗಳಾ ತಟ್ಟೆಗೆ ಮುಚ್ಚಳ ಎಳೆದು ಗಡಿಯಾರ ನೋಡುತ್ತಾಳೆ, ಏಳೂಕಾಲು, ಪಕ್ಕದ ಬಟ್ಟಲಲ್ಲಿ ಗಂಡನ ಅವಲಕ್ಕಿಯೂ ನೆನೆಯುತ್ತಿದೆ, ನಿನ್ನೆ ಗಡಿಬಿಡಿಯಲ್ಲಿ ನಾಯಿಯ ತಟ್ಟೆಗೆ ಹಾಕಿದ ಚಮಚವನ್ನೇ ಇದಕ್ಕೂ ಹಾಕಹೋಗಿದ್ದಳು, ಗಂಡನಿಗೂ ನೆನೆಸಿದ್ದು, ನಾಯಿಗೂ ನೆನೆಸಿದ್ದು, ಬೆಳಗಾದರೆ ನೆನೆಸುವುದೇ ಕೆಲಸ, ಒಳಗೆ ಕುರ್ಚಿಯಲ್ಲಿ ಏಕಾಂತಪ್ಪ, ಇಪ್ಪತ್ತೆರಡು ವರ್ಷ ಈ ಕಾಫಿ ಎಸ್ಟೇಟಿನ ರೈಟರು, ಆಳುಗಳ ಹಾಜರಿ ಕೂಗಿ ಲೆಕ್ಕ ಬರೆಯುವವರು, ಗುಡ್ಡದಾಚೆಗೂ ಕೇಳುವ ಗಂಟಲು, ಈಗ ಲಕ್ವ ಹೊಡೆದು ಬಲಗಡೆಗೆ ಜಾರಿದ ಬಾಯಿ, ಅರ್ಧ ತೆರೆದದ್ದು ತೆರೆದೇ ಇರುತ್ತದೆ, ಅವಳು ಒರೆಸುತ್ತಾಳೆ, ಮತ್ತೆ ಒರೆಸುತ್ತಾಳೆ.

ಅವರು ಆಸ್ಪತ್ರೆಯಲ್ಲಿ ಆರು ದಿನ, ಮನೆಗೆ ಬಂದು ನಾಲ್ಕು, ಈ ಹತ್ತು ದಿನದಿಂದ ನಾಯಿ ಕೆಂಚ ಒಂದು ಕಾಳು ಮುಟ್ಟಿಲ್ಲ, ನೀರು ಕುಡಿಯುತ್ತದೆ, ಅಷ್ಟೆ, ಎರಡು ಸಲ ಗ್ಲೂಕೋಸ್ ಏರಿಸಿದ್ದಾಯಿತು, ಇನ್ನು ತಿನ್ನದೆ ಹೋದ್ರೆ ನನ್ನ ಕೈಲಿಲ್ಲಮ್ಮ ಅಂದುಬಿಟ್ಟರು ಡಾಕ್ಟರು, ಅವಳೇನು ಕಮ್ಮಿ ಮಾಡಿದಳೇ, ಆಸ್ಪತ್ರೆಯಿಂದ ಬಂದ ಮೊದಲ ದಿನ ನೀರು ಜಾಸ್ತಿಯಾಗಿ ಗಂಜಿಯಾಯಿತು, ಮೂಸಿ ಮುಖ ತಿರುಗಿಸಿತು, ಮಾರನೆಯ ದಿನ ಹದ ನೋಡಿ ಮೊಸರು ಕಲಸಿದಳು, ಆಮೇಲೆ ಉಪ್ಪು ಈರುಳ್ಳಿ ಹಾಕದೆ ಕೋಳಿ ಬೇಯಿಸಿದ ನೀರು, ಹುಟ್ಟಿದಾಗಿಂದ ಮೊಟ್ಟೆ ಮುಟ್ಟದ ಅವಳು ಕೋಳಿ ಬೇಯಿಸಿದಳು, ಹಿತ್ತಿಲಲ್ಲಿ ಮೂರು ಕಲ್ಲಿಟ್ಟು, ಮೂಗಿಗೆ ಸೆರಗು ಕಟ್ಟಿ, ಅದನ್ನೂ ಮೂಸಿ ಅಲ್ಲೇ ಕೂತಿತು ಮಹಾರಾಯ, ಹಟವೋ, ನೋವೋ, ಬೇಜಾರೋ, ಬಾಯಿ ಬಿಟ್ಟು ಹೇಳೋ ಅಂತ ಬೈದಳು, ಬೈದ ಮೇಲೆ ಒಳಗಿದ್ದವರಿಗೆ ಕೇಳಿತೇನೋ ಎಂದು ನಾಲಿಗೆ ಕಚ್ಚಿಕೊಂಡಳು — ಅವರಿಗೆ ಎಲ್ಲ ತಿಳಿಯುತ್ತದೆ, ಮಾತೊಂದಿಲ್ಲ, ಮಾತು ಬರಬಹುದು, ಬರದೇನೂ ಇರಬಹುದು ಅಂದಿದ್ದಾರೆ, ಅವಳಿಗೆ ಭಯವಿರುವುದು ಅದಕ್ಕೇ, ನಾಯಿ ಈ ಮೆಟ್ಟಿಲ ಮೇಲೆ ಸತ್ತರೆ ಆ ಕುರ್ಚಿಯಿಂದ ಅವರು ಅದನ್ನು ನೋಡುತ್ತಾರೆ, ಅಳಲಿಕ್ಕೂ ಸರಿಯಾಗಿ ಬರದ ಬಾಯಲ್ಲಿ.

ಕಣದಲ್ಲಿ ಒಣಗಲು ಹರವಿದ ರೋಬಸ್ಟಾ ಕಾಫಿ ಕೆದಕುವ ಸದ್ದು, ಎಂಟಕ್ಕೆ ಮುಂಚೆಯೇ ಬಿಸಿಲು ಚುರುಗುಟ್ಟುತ್ತಿದೆ, ಕಾಫಿ ಅರಳಿಸುವ ಹೂಮಳೆ ಇನ್ನೂ ಬಂದಿಲ್ಲ, ಆಳುಗಳ ಹಾಜರಿ, ಮಸ್ಟರ್, ಮುಗಿಯಿತು ಅಂತ ಕಾಣುತ್ತದೆ, ಈಗ ಮಸ್ಟರೆಂದರೆ ಸದ್ದೇ ಇಲ್ಲ, ಅವರ ಜಾಗಕ್ಕೆ ಬಂದ ದಿಲೀಪ್ ಮೊಬೈಲಿನಲ್ಲಿ ಒಬ್ಬೊಬ್ಬರ ಮುಖದ ಫೋಟೋ ಹೊಡೆದು ಕಳಿಸಿಬಿಡುತ್ತಾನೆ, ಮೊದಲಾಗಿದ್ದರೆ ಈ ಹೊತ್ತಿಗೆ ಅಡುಗೆಮನೆಯವರೆಗೂ ಹೆಸರುಗಳು, ಅವಳು ದೋಸೆ ಹುಯ್ಯುತ್ತ ಕೇಳುತ್ತಿದ್ದಳು, ಹೆಸರು, ಹೂಂ ಸಾರ್, ಹೆಸರು, ಹೂಂ ಸಾರ್, ಕೊನೆಗೆ ಒಂದು ಬೊಗಳು, ಯಾಕೆ ಬೊಗಳುತ್ತದೆ ಅಂತ ಒಂದು ದಿನವೂ ಹೋಗಿ ನೋಡಿದವಳಲ್ಲ, ನಾಯಿಯ ಊಟ ಅವರ ಕಾರುಬಾರು, ಹಲ್ಲು ಹೋದ ಮೇಲೆ ಕಾಳು ನೆನೆಸುತ್ತಿದ್ದವರೂ ಅವರೇ, ಎದ್ದ ಕೂಡಲೇ ನೆನೆಹಾಕಿ ತಟ್ಟೆ ಹಿಡಿದು ಮಸ್ಟರ್ ಕಟ್ಟೆಗೆ — ನಿನ್ನೆ ಕಸ ಗುಡಿಸಲು ಬಂದ ತಿಮ್ಮಮ್ಮ ತಟ್ಟೆ ನೋಡಿ ನಕ್ಕಳಲ್ಲ, ನಗು ಬಂದದ್ದಕ್ಕೆ ತಾನೇ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಳಲ್ಲ, ಅಯ್ಯೋ ಅಮ್ಮಾ, ನೀವು ಏನು ಕಲ್ಸಿಟ್ರೂ ಅದು ತಿನ್ನಾದಿಲ್ಲ, ರೈಟ್ರು ಹಾಜ್ರಿ ಕೂಗ್ಬೇಕು, ನಿಮಗೆ ಗೊತ್ತಿಲ್ವಾ, ಆ ವರ್ಷ ಕಾಡುಹಂದಿಗೆ ಇಟ್ಟ ವಿಷದುಂಡೆ ತಿಂದು ಎರಡು ನಾಯಿ ಸತ್ವಲ್ಲ, ಅದಾದ್ಮೇಲೆ ಅಪ್ಪಣೆ ಇಲ್ದೆ ತಿನ್ಬಾರ್ದು ಅಂತ ರೈಟ್ರು ಇದ್ಕೆ ಹೇಳ್ಕೊಟ್ಟಿದ್ದು, ತಟ್ಟೆ ಮುಂದಿಟ್ಕಂಡು ನಮ್ಮೆಲ್ರ ಹೆಸ್ರು ಮುಗಿಯೋವರ್ಗೂ ಕೂತಿರ್ತದೆ, ಕೊನೇಗೆ ಕೆಂಚಾ ಅಂತಾರೆ, ಇದು ಒಂದ್ಸಲ ಬೊಗಳ್ತದೆ, ಹಾಜರ್ ಅಂತಾರೆ, ಆಮೇಲೇನೇ ಬಾಯಿ ಹಾಕೋದು, ಬೇರೆ ಯಾರು ಹೇಳಿದ್ರೂ ಮುಟ್ಟಾದಿಲ್ಲ ಕಣಮ್ಮ, ನಾವೆಲ್ಲ ಹೇಳಿ ನೋಡಿದೀವಿ ತಮಾಷೆಗೆ.

ಇಪ್ಪತ್ತೆರಡು ವರ್ಷ ಒಟ್ಟಿಗಿದ್ದು ಅವಳಿಗೆ ಗೊತ್ತಿಲ್ಲ, ಕೂಲಿ ಲೈನಿನವರಿಗೆಲ್ಲ ಗೊತ್ತು, ಹೊಟ್ಟೆ ಉರಿಯಿತು ನಿಜ, ನಾಚಿಕೆಯೂ ಆಯಿತು, ನಾಲ್ಕು ದಿನ ಹಲ್ಲು ಹಲ್ಲು ಅಂತ ನೆನೆಸಿದ್ದೇ ನೆನೆಸಿದ್ದು, ನಿನ್ನೆ ಸಂಜೆ ಯಾರೂ ಇಲ್ಲದ್ದು ನೋಡಿ ತಾನೇ ಕೂಗಿದಳು, ಕೆಂಚಾ, ಅದು ಬಾಲ ಆಡಿಸಿತು, ಹಾಜರ್, ಹಾಜರ್ ಮಾರಾಯ, ತಿನ್ನೋ, ಅದು ಅವಳ ಕೈ ನೆಕ್ಕಿ ಸುಮ್ಮನೆ ಕೂತಿತು, ಗಂಟಲು ದಪ್ಪ ಮಾಡಿ ಕೂಗಿದಳು, ಅವರ ಶರ್ಟು ಹೆಗಲಿಗೆ ಹಾಕಿಕೊಂಡು ಕೂಗಿದಳು, ಆಮೇಲೆ ಮೊಬೈಲಿನಲ್ಲಿ ಅವರ ದನಿ ಹುಡುಕಿದಳು, ಮದುವೆ ವಿಡಿಯೋ ಇದೆ, ಅದರಲ್ಲಿ ವಾಲಗ ಬಿಟ್ಟರೆ ಏನೂ ಕೇಳುವುದಿಲ್ಲ, ಇವರ ದನಿ ಅಂತ ಇರುವುದು ಒಂದೇ, ಕಣದಿಂದ ಕಳಿಸಿದ್ದ ವಾಯ್ಸ್ ಮೆಸೇಜು, ಮಂಗಳಾ ಮಜ್ಜಿಗೆ ಇದ್ಯಾ, ಮೂರೇ ಸೆಕೆಂಡು, ಅದನ್ನೇ ಹಾಕಿದಳು, ಕೆಂಚ ಕಿವಿ ನಿಮಿರಿಸಿ ಎದ್ದು ತೂರಾಡುತ್ತ ಕಣದ ದಾರಿ ಹಿಡಿಯಿತು, ಅಲ್ಲಿ ಯಾರೂ ಇಲ್ಲ, ಅವಳೇ ಹೋಗಿ ಎತ್ತಿಕೊಂಡು ಬಂದಳು, ಎಷ್ಟು ಹಗುರ, ಇನ್ನೆಂದೂ ಆ ದನಿ ಹಾಕಕೂಡದು ಅಂದುಕೊಂಡಳು, ನಡುರಾತ್ರಿ ತಾನೇ ಕಿವಿಗಿಟ್ಟು ಕೇಳಿದಳು.

ಹದಿನೈದು ನಿಮಿಷ, ಕಾಳು ಈಗ ಸರಿಯಾಗಿದೆ, ಒತ್ತಿದರೆ ನಡುವಿನವರೆಗೂ ಮೆತ್ತಗೆ, ಇಷ್ಟು ಹದವಾಗಿ ಒಂದು ದಿನವೂ ಬಂದಿರಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ನಡೆಯುತ್ತಾಳೆ, ಬಾರೋ, ಯಾವತ್ತೂ ಹೊಸ್ತಿಲು ದಾಟದ ನಾಯಿ ದಾಟುತ್ತದೆ, ಕುರ್ಚಿಯ ಮುಂದೆ ತಟ್ಟೆ ಇಡುತ್ತಾಳೆ, ಕೆಂಚ ಅದರ ಹಿಂದೆ ಕೂರುತ್ತದೆ, ಬೆನ್ನು ನೆಟ್ಟಗೆ, ಮಸ್ಟರಿಗೆ ಕೂತ ಹಾಗೆ, ರೀ, ಒಂದು ಮಾತು, ಹಾಜರ್ ಅನ್ನಿ ಸಾಕು, ಹಾ ಅಂದರೂ ಸಾಕು — ಹೇಳಿದ ಮೇಲೆ ಹೊಳೆಯುತ್ತದೆ, ಯಾಕಾದರೂ ಹೇಳಿದೆ, ಅವರ ಎಡಗಣ್ಣು ತಟ್ಟೆ ನೋಡಿತು, ನಾಯಿಯನ್ನು ನೋಡಿತು, ಅವಳನ್ನು ನೋಡಿತು, ಎಲ್ಲ ತಿಳಿಯಿತು ಅವರಿಗೆ, ಕುತ್ತಿಗೆಯ ನರ ಎದ್ದಿತು, ಎಡಗೈ ಕುರ್ಚಿಯ ತೋಳು ಹಿಡಿಯಿತು, ಬಾಯಿ ತೆರೆಯಿತು, ಉಸಿರು ಬಂತು, ಬರೀ ಉಸಿರು, ಬೇಡ ಬಿಡಿ, ಆಯಾಸ ಮಾಡ್ಕೋಬೇಡಿ, ಮತ್ತೆ ಉಸಿರು, ಜೊಲ್ಲು ಗಲ್ಲಕ್ಕಿಳಿಯಿತು, ಅವಳು ಸೆರಗು ಹಿಡಿದು ಬಗ್ಗುವಷ್ಟರಲ್ಲಿ ಕೆಂಚ, ಹೆಸರು ಕೂಗದಿದ್ದರೂ, ಒಂದು ಸಲ ಬೊಗಳಿತು, ಬಂದಿದ್ದೇನೆ ಅಂತ, ತಟ್ಟೆಯ ಕಡೆ ನೋಡಲಿಲ್ಲ, ಮೂತಿ ಎತ್ತಿ ಅವರ ಬಾಯನ್ನೇ ನೋಡುತ್ತಿದೆ, ನೀರು ಹೀರಿ ಹೀರಿ ಕಾಳುಗಳ ಆಕಾರ ಹೋಗುತ್ತಿದೆ, ಇನ್ನೈದು ನಿಮಿಷಕ್ಕೆ ಮತ್ತೆ ಗಂಜಿ, ಅವಳು ಒರೆಸಬೇಕು, ಒರೆಸಿದರೆ ಆ ಬಾಯಿಗೆ ಕೈ ಅಡ್ಡ ಬರುತ್ತದೆ, ನಾಯಿ ನೋಡುತ್ತಿದೆ, ಒರೆಸಲಾರಳು, ಸೆರಗು ಕೈಯಲ್ಲೇ ಇದೆ, ಕೆಂಚ ಮತ್ತೊಮ್ಮೆ ಬೊಗಳಿತು, ಅವರ ಬಾಯಿ ತೆರೆದಿದೆ, ತೆರೆದೇ ಇದೆ