ನಾರು ಹಿಡಿದದ್ದು ನಾರಿನಲ್ಲೇ ಇರುತ್ತದೆ

ಬಾಂಕಾ ದ್ವೀಪದ ನಮ್ಮೂರಿನಲ್ಲಿ ಕಾಳುಮೆಣಸು ಬಿಳಿಯಾಗಬೇಕಾದರೆ ಚೀಲದಲ್ಲಿ ಕಟ್ಟಿ ಹತ್ತು ದಿನ ಹೊಳೆಯಲ್ಲಿ ನೆನೆಸಬೇಕು. ಹೋದ ವರ್ಷ ಅದಕ್ಕೇ ಸಂಚಕಾರ ಬಂತು. ಮೇಲ್ಗಡೆ ತವರದ ಮರಳು ತೊಳೆಯುವ ಶೆಡ್ಡಿನ ನೀರಿನಲ್ಲಿ ಥೋರಿಯಂ ಇದೆ, ಅದು ವಿಕಿರಣ ಸೂಸುವ ಲೋಹ, ಹೊಳೆಗೆ ಇಳಿಯಬೇಡಿ ಎಂದರು ಪರೀಕ್ಷೆ ಮಾಡಿದವರು. ನಮ್ಮೂರಿನ ಬೆಳೆಗಾರ ಮರ್ಸಿದಿಯ ಮೆಣಸು ಕಪ್ಪಾಗಿಯೇ ಉಳಿಯಿತು.

ಈ ವರ್ಷ ಶೆಡ್ಡಿನವರು ತೊಟ್ಟಿಗಳಲ್ಲಿ ಹದಮಾಡಿದ ತೆಂಗಿನ ನಾರು ತುಂಬಿ, ಕೊಳೆನೀರನ್ನು ಅದರ ಮೂಲಕ ಹಾಯಿಸತೊಡಗಿದರು.

“ನಾರು ಪಾತ್ರೆ ತಿಕ್ಕೋಕೆ ಸರಿ. ಕಣ್ಣಿಗೇ ಕಾಣದ್ದನ್ನ ಹೆಂಗೆ ಹಿಡಿಯುತ್ತೆ?” ಎಂದು ಮರ್ಸಿದಿ ನೆರೆಮನೆಯ ಆರೋಗ್ಯ ಕಾರ್ಯಕರ್ತೆ ರುಸ್ನಾಳನ್ನು ಕೇಳಿದ.

“ನಿಮ್ಮ ಮೀಸೆ ಮೀನುಸಾರು ಹಿಡಿಯಲ್ವಾ ಪಾಕ್, ಹಂಗೇ. ನೀರು ಮುಂದಕ್ಕೆ ಹೋಗುತ್ತೆ, ಲೋಹ ಅಂಟ್ಕೊಂಡು ಉಳಿಯುತ್ತೆ,” ಎಂದಳು ರುಸ್ನಾ. ನಮ್ಮಲ್ಲಿ ಹಿರಿಯ ಗಂಡಸರನ್ನು ‘ಪಾಕ್’, ಅಂದರೆ ಅಪ್ಪ, ಎಂದೇ ಕರೆಯುವುದು.

“ಹಂಗಾದ್ರೆ ಇವರ ಮೀಸೆಲಿ ಮೂರೂರಿನ ನೀರು ಸೋಸಬಹುದು!” ಎಂದು ಅವನ ಹೆಂಡತಿ ಹಾಜ್ರಾ ನಕ್ಕಳು.

ಹೊಳೆ ಶುದ್ಧವಾಗಿದೆಯೆಂದು ಪರೀಕ್ಷಕರು ಹೊಳೆದಡದ ಹಲಗೆಯಲ್ಲಿ ಬರೆದ ದಿನ ಮರ್ಸಿದಿ ನಂಬಿದ. ಆದರೆ ಅರ್ಧ ಮಾತ್ರ ತಿಳಿದುಕೊಂಡಿದ್ದ. ಶೆಡ್ಡಿನ ಹಿಂದೆ ತೆಗೆದಿಟ್ಟಿದ್ದ ಹಳೇ ನಾರನ್ನು ಎರಡು ಚೀಲ ತಂದು, ಬಿಸಿಲಿಗೆ ತಂಪಿರಲೆಂದು ಮೆಣಸಿನ ಬಳ್ಳಿಗಳ ಬುಡಕ್ಕೆ ಹೊದಿಸಿದ.

ಬೇಲಿಯಾಚೆಯಿಂದ ರುಸ್ನಾ ಕೂಗಿದಳು: “ಪಾಕ್, ಮುಟ್ಟಬೇಡಿ! ಎಲ್ಲಿಂದ ತಂದ್ರಿ ಅದನ್ನ?”

“ಶೆಡ್ಡಿಂದ. ವಿಷ ತಿಂದು ಅರಗಿಸ್ಕೊಂಡಿದೆಯಲ್ಲ?”

“ಅರಗಿಸ್ಕೊಳ್ಳೋಕೆ ಅದಕ್ಕೇನು ಹೊಟ್ಟೆ ಇದೆಯಾ? ಹೊಳೆಗೆ ಹೋಗ್ತಿದ್ದ ಲೋಹ ಈಗ ನಿಮ್ಮ ಬಳ್ಳಿ ಬುಡದಲ್ಲಿದೆ! ಸುಟ್ರೂ ಸಾಯಲ್ಲ, ಬೂದಿಲೇ ಉಳಿಯುತ್ತೆ.”

ಎಂಟು ವರ್ಷ ಸಾಕಿದ ಬಳ್ಳಿಗಳು. ಮರ್ಸಿದಿ ಕೈಯಲ್ಲಿದ್ದ ನಾರನ್ನು ಅಲ್ಲೇ ಬಿಟ್ಟು ಹಿಂದೆ ಸರಿದ.

“ಬೈಯೋದು ಆಮೇಲಿರಲಿ. ಯಾರನ್ನ ಕರೀಬೇಕು, ಅದು ಹೇಳಮ್ಮ,” ಎಂದಳು ಹಾಜ್ರಾ.

ಅಂದೇ ಪರೀಕ್ಷಕರು ಕೈಗವಸು, ಮುಖಗವಸು ತೊಟ್ಟು ಬಂದರು. ನಾರನ್ನೂ ಅದರಡಿಯ ಮಣ್ಣನ್ನೂ ಮುಚ್ಚಳದ ಡ್ರಮ್ಮಿಗೆ ತುಂಬಿದರು. ಉಪಕರಣ ಹಿಡಿದು ಬುಡಬುಡವನ್ನೂ ಅಳೆದರು. “ಮಳೆ ಬೀಳೋ ಮುಂಚೆ ಹೇಳಿದ್ರಿ. ತೋಟ ಉಳೀತು,” ಎಂದರು. ಶೆಡ್ಡಿನ ಹಿಂದೆ ಹಳೇ ನಾರು ಇಡುವ ಜಾಗಕ್ಕೂ ಬೀಗ ಬಿತ್ತು. “ಅಲ್‌ಹಮ್ದುಲಿಲ್ಲಾ,” ಎಂದು ಮರ್ಸಿದಿ ನೆಲದ ಮೇಲೇ ಕುಳಿತುಬಿಟ್ಟ.

ಕೊಯ್ಲಿನಲ್ಲಿ ಹೊಳೆಯಿಂದೆದ್ದ ಬಿಳಿಮೆಣಸಿನ ಮೊದಲ ಬೊಗಸೆಯನ್ನು ಅವನು ರುಸ್ನಾಳ ಮನೆಗೆ ಒಯ್ದ. “ಸಾರಿಗೆ ಹಾಕು ತಾಯಿ. ನೀನು ಅವತ್ತು ಬಾಯಿ ಬಿಟ್ಟಿದ್ದಕ್ಕೆ ಇದು ಉಳೀತು.”

ಅಕ್ಕಂದಿರೇ, ಅಣ್ಣಂದಿರೇ, ತೆಂಗನ್ನು ಕೊಟ್ಟ ದೇವರು ದೊಡ್ಡವನು. ನಿಮ್ಮೂರಿನ ಕಾರ್ಖಾನೆಯಲ್ಲೂ ಇಂಥ ತೊಟ್ಟಿ ಆಗಲಿ ಎಂದು ಕೇಳಿ, ನೀರಿನ ಪರೀಕ್ಷೆಯ ಫಲಿತಾಂಶ ಓದಿಸಿಕೊಳ್ಳಿ. ಬಳಸಿದ ನಾರನ್ನು ಮಾತ್ರ ತೋಟಕ್ಕೂ ಒಲೆಗೂ ತರಬೇಡಿ. ತಂದಿದ್ದರೆ ನಾಚಿಕೆ ಬೇಡ, ಪರೀಕ್ಷಕರಿಗೆ ಇವತ್ತೇ ಹೇಳಿಬಿಡಿ.