ತಾರಸಿಯ ಮೇಲೆ ಕೆಂಪು ಬೈರಾಸು

ಗೋವರ್ಧನನನ್ನು ಆಂಬುಲೆನ್ಸ್ ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದ ಸಂಜೆಯೇ ಪಂಚಾಯ್ತಿಯವರು ಬಂದು ಅವನ ಮನೆಯ ಗೇಟಿಗೆ ಅಡ್ಡ ಪಟ್ಟಿ ಕಟ್ಟಿದರು. ಒಳಗೆ ಉಳಿದವರು ಅವನ ಹೆಂಡತಿ ಸೀತು ಮತ್ತು ಕಾಲೇಜಿಗೆ ಹೋಗುವ ಮಗಳು ಚಂದನಾ. ಅದು ೨೦೨೦ರ ಸೆಪ್ಟೆಂಬರ್. ಉಪ್ಪುಂದದ ಕಡಲ ಬದಿಯ ಆ ಓಣಿಯಲ್ಲಿ ಕೊರೊನಾ ಬಂದ ಮೊದಲ ಮನೆ ಅವರದ್ದು.

ಸೀತುಗೆ ಗಂಡನ ಚಿಂತೆ ಒಂದು, ಊರಿನ ಚಿಂತೆ ಇನ್ನೊಂದು. ಮೀನಿನ ಬುಟ್ಟಿ ಹೊತ್ತು ಬಿಜೂರಿನ ತನಕ ಮನೆಮನೆ ತಿರುಗುತ್ತಿದ್ದವಳು ಅವಳು. ಬೇರೆ ಕಡೆ ಇಂಥ ಮನೆಯವರನ್ನು ಜನ ಹೇಗೆ ದೂರವಿಟ್ಟರು ಎಂಬುದನ್ನೆಲ್ಲ ಕೇಳಿದ್ದಳು. ಅವರ ಬಾವಿಯ ನೀರು ಉಪ್ಪು. ಕುಡಿಯುವ ನೀರಿಗೆ ಪಕ್ಕದ ಮನೆಯ ವನಜಳ ಬಾವಿಯೇ ಗತಿ. ವನಜಳ ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ಅವಳ ಹತ್ತಿರ ಯಾವ ಬಾಯಲ್ಲಿ ನೀರು ಕೇಳುವುದು?

ಕೇಳುವ ಪ್ರಸಂಗವೇ ಬರಲಿಲ್ಲ. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಕೂಗು ಕೇಳಿಸಿತು.

"ಹ್ವಾಯ್ ಸೀತಕ್ಕಾ! ಬಾಗ್ಲ್ ತೆಗಿನಿ!"

ವನಜ ದೋಣಿ ನೂಕುವ ಉದ್ದದ ಬಿದಿರಿನ ಗಳು ಹಿಡಿದು ನಿಂತಿದ್ದಳು. ಗಳುವಿನ ತುದಿಯಲ್ಲಿ ನೀರಿನ ಬಕೆಟ್ ತೂಗುತ್ತಿತ್ತು. ಅದರ ಭಾರಕ್ಕೆ ಅವಳೇ ಮುಂದಕ್ಕೆ ವಾಲುತ್ತಿದ್ದಳು.

"ಎಂತ ಇದ್ ವನಜಾ?" ಸೀತುಗೆ ಅಳುವೂ ಬಂತು, ನಗುವೂ ಬಂತು.

"ದೂರ ನಿಲ್ಕ್ ಅಂದಿರ್ ಅಲ್ದಾ? ಅದ್ಕೆ ಗಳು ತಂದೆ. ಬೇಗ ತಕಣಿ, ಕೈ ನೋಯ್ತಿತ್ತ್."

"ಮಕ್ಳ್ ಇಪ್ಪು ಮನಿ ನಿಂದ್. ಹೆದ್ರಿಕಿ ಆತಿಲ್ಯಾ?"

"ಆತ್ತ್, ಆಗ್ದೆ ಎಂತ? ಹಂಗಂದೇಳಿ ನೀರ್ ಕೊಡ್ದೆ ಇಪ್ಪುಕಾತ್ತಾ?"

ಅಂದಿನಿಂದ ಆ ಗಳುವಿಗೆ ಬಿಡುವೇ ಇರಲಿಲ್ಲ. ನೀರಿನ ಹಿಂದೆ ಕುಚ್ಚಲಕ್ಕಿ ಬಂತು, ಬಸಳೆ ಬಂತು, ಯಾರದೋ ಮನೆಯ ಬಿಸಿ ಕಷಾಯ ಬಂತು. ಕೈರಂಪಣಿ ಬಲೆಯ ತಂಡದ ಮುಖಂಡ ಪಾಂಡು, ಚಂದನಾಳ ಫೋನಿಗೆ ತಾನೇ ಕರೆನ್ಸಿ ಹಾಕಿಸಿ, "ಅಪ್ಪಯ್ಯನ ಹತ್ರ ದಿನಾ ಮಾತಾಡ್ ಹೆಣ್ಣೇ" ಎಂದು ಓಣಿಯಿಂದಲೇ ಕೂಗಿ ಹೋದ. ಸೀತುಗೆ ಎಲ್ಲವನ್ನೂ ತೆಗೆದುಕೊಳ್ಳುವುದೇ ಆಯಿತು. ಒಂದು ಲೋಟ ಚಾ ಕೊಡುವುದಕ್ಕೂ ಅವಳು ಹೊರಗೆ ಬರುವಂತಿರಲಿಲ್ಲ. ಅದೇ ಅವಳನ್ನು ಕೊರೆಯತೊಡಗಿತು.

ಊರಿಗೂ ಒಳ್ಳೆಯ ಕಾಲವಾಗಿರಲಿಲ್ಲ. ಕೈರಂಪಣಿ ಎಂದರೆ ದೋಣಿಯಲ್ಲಿ ಹೋಗಿ ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗವನ್ನು ದಡದಿಂದ ಊರಿಗೆ ಊರೇ ಸೇರಿ ಎಳೆಯುವ ಕೆಲಸ. ಹಿಂಡು ಎಲ್ಲಿದೆ ಎಂದು ಹೇಳುವವನು ಬೇಕು. ಅದು ಗೋವರ್ಧನನ ಕೆಲಸ. ತನ್ನ ಮನೆಯ ತಾರಸಿ ಹತ್ತಿ, ಹೆಗಲ ಮೇಲಿನ ಕೆಂಪು ಬೈರಾಸು ಬೀಸಿ ಅವನು ದೋಣಿಗೆ ದಾರಿ ತೋರಿಸುತ್ತಿದ್ದ. ಅವನಿಲ್ಲದೆ ಪಾಂಡುವಿನ ತಂಡ ಹಾಕಿದ ಬಲೆಯೆಲ್ಲ ಬರಿದಾಗಿ ಬರುತ್ತಿತ್ತು.

ಒಂದು ದಿನ ಬೆಳಗಿನ ಗಂಜಿ ಉಂಡು ಸೀತು ಬಟ್ಟೆ ಒಣಗಿಸಲು ತಾರಸಿಗೆ ಹೋದಳು. ಮಳೆ ಬಿಟ್ಟು ಬಿಸಿಲು ಚುರುಕಾಗಿತ್ತು. ಬಡಗಿನ ಬಂಡೆಗಳ ಆಚೆ ಹಕ್ಕಿಗಳು ಒಂದೇ ಸಮನೆ ನೀರಿಗೆ ಎರಗುತ್ತಿದ್ದವು. ಅವುಗಳ ಕೆಳಗೆ ನೀರಿನ ಬಣ್ಣವೇ ಬೇರೆ. ಸೀತು ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟಳು.

"ಚಂದನಾ! ಫೋನ್ ತಾ! ಅಪ್ಪಯ್ಯಂಗೆ ಮಾಡ್!"

ಚಂದನಾ ಮೆಟ್ಟಿಲು ಹಾರಿಕೊಂಡು ಬಂದಳು. ಕುಂದಾಪುರದಲ್ಲಿ ಗೋವರ್ಧನ ಫೋನ್ ಎತ್ತಿದ. ಸ್ವರ ಸಣ್ಣಗಿತ್ತು.

"ಎಂತ ಆಯ್ತ್?"

"ಬಡಗ್ ಬದಿ ಹಕ್ಕಿ ಬೀಳ್ತಾ ಇದ್ದೊ!" ಸೀತು ಕೂಗಿದಳು.

"ನೀರ್ ಹ್ಯಾಂಗಿತ್ತ್?"

"ಕಪ್ಪ್. ಅಲ್ಲ, ಕೆಂಪ್ ಕಪ್ಪ್. ಮೇಲೆಲ್ಲ ಮಳಿಹನಿ ಬಿದ್ದಂಗೆ ಕೊದಿತಿತ್ತ್."

ಗೋವರ್ಧನನ ಸ್ವರಕ್ಕೆ ಜೀವ ಬಂತು. "ಬಂಗ್ಡಿ ಅದ್! ಬೈರಾಸ್ ಬೀಸ್ ಮಾರಾಯ್ತಿ! ಎಂತ ಕಾಣ್ತಾ ನಿಂತಿದ್ದೆ?"

ಬಾಗಿಲ ಹಿಂದೆ ನೇತುಹಾಕಿದ್ದ ಬೈರಾಸನ್ನು ಚಂದನಾ ತಂದುಕೊಟ್ಟಳು. ಸೀತು ಜೀವ ಬಿಟ್ಟು ಬೀಸಿದಳು. ದಡದಲ್ಲಿ ಬಲೆ ಸರಿ ಮಾಡುತ್ತಿದ್ದವರು ತಲೆ ಎತ್ತಿ ನೋಡಿದರು. ಮರುಕ್ಷಣವೇ ಎಲ್ಲರೂ ದೋಣಿಯನ್ನು ಬಿಟ್ಟು ಅವಳ ಮನೆಯ ಕಡೆಗೇ ಓಡಿಬಂದರು! ಎಲ್ಲರಿಗಿಂತ ಮುಂದೆ ವನಜ. ಓಡಿದ ರಭಸಕ್ಕೆ ಪಟ್ಟಿಯ ಅಡಿಯಿಂದ ನುಸುಳಿ ಅಂಗಳಕ್ಕೆ ಕಾಲಿಟ್ಟೇಬಿಟ್ಟಿದ್ದಳು.

"ಸೀತಕ್ಕಾ, ಎಂತ ಆಯ್ತ್? ಹೆಣ್ಣಿಗ್ ಹುಷಾರಿಲ್ಯಾ?"

"ಗಾಡಿ ತರ್ಕಾ?" ಪಾಂಡು ಗೇಟು ಹಿಡಿದು ಏದುಸಿರು ಬಿಡುತ್ತಿದ್ದ.

ತಮಗೇ ಏನೋ ಆಗಿದೆ ಎಂದು ತಿಳಿದು ಇವರೆಲ್ಲ ಓಡಿಬಂದದ್ದು ಎಂದು ಸೀತುಗೆ ಹೊಳೆಯಿತು. ಆದರೆ ಅಳಲು ಸಮಯ ಎಲ್ಲಿತ್ತು?

"ನಮ್ಗೆಂತ ಆಯ್ಲಿಲ್ಲೆ! ವನಜಾ, ಹೊರ್ಗ್ ಹೋಗ್! ಪಾಂಡು, ಮೀನ್! ಬಡಗ್ ಬದಿಗ್ ಬಂಗ್ಡಿ!"

ಪಾಂಡು ಬಂದದ್ದಕ್ಕಿಂತ ಜೋರಾಗಿ ತಿರುಗಿ ಓಡಿದ.

ದೋಣಿ ನೀರಿಗಿಳಿಯಿತು. ಫೋನಿನಲ್ಲಿ ಗೋವರ್ಧನ ಒಂದೊಂದೇ ಕೇಳುತ್ತಿದ್ದ, ಚಂದನಾ ಕಂಡದ್ದನ್ನು ಹೇಳುತ್ತಿದ್ದಳು, ಅವನು ಹೇಳಿದ ಕಡೆಗೆ ಸೀತು ಬೈರಾಸು ಬೀಸುತ್ತಿದ್ದಳು. ನಡುವೆ ಫೋನಿನಿಂದ ಬೇರೊಂದು ಗಂಡು ದನಿ ಕೇಳಿಸಿತು.

"ಎಂತ ಗೋವರ್ಧನಣ್ಣ, ಕ್ರಿಕೆಟಾ?"

"ಕ್ರಿಕೆಟ್ ಅಲ್ಲ ಮಾರಾಯ್ರೆ, ಬಂಗ್ಡಿ!"

"ಹಂಗಾರೆ ಸ್ಪೀಕರ್ ಹಾಕಿ, ನಾವೂ ಕೇಳ್ತೊ!"

ಅದು ಪಕ್ಕದ ಮಂಚದ ರವಿಚಂದ್ರ, ಹಾಲಾಡಿಯ ತೆಂಗಿನಕಾಯಿ ವ್ಯಾಪಾರಿ. ವಾರ್ಡಿನಲ್ಲಿ ಒಬ್ಬೊಬ್ಬರೇ ಎದ್ದು ಕೂತದ್ದು ಚಂದನಾಳಿಗೆ ಸದ್ದಿನಲ್ಲೇ ಗೊತ್ತಾಯಿತು. ಅವಳು ದನಿ ಏರಿಸಿದಳು.

"ದೋಣಿ ಬಂಡೆ ದಾಟ್ತ್! ಹಿಂಡ್ ತೆಂಕಕ್ಕೆ ತಿರ್ಗ್ತ್!"

"ಬಲೆ ಬಿಡುಕ್ ಹೇಳ್!" ಗೋವರ್ಧನ ಕೆಮ್ಮಿದ. "ಈಗ, ಈಗಳೇ!"

ಸೀತು ಬೈರಾಸನ್ನು ತಲೆಯ ಮೇಲಿಂದ ಸರ್ರನೆ ಕೆಳಗಿಳಿಸಿದಳು. ದೋಣಿಯಿಂದ ಬಲೆ ಜಾರತೊಡಗಿತು. ಅರ್ಧ ಚಂದ್ರದ ಹಾಗೆ ಕಡಲನ್ನು ಸುತ್ತಿ ದೋಣಿ ದಡ ಮುಟ್ಟಿತು. ಹಗ್ಗಕ್ಕೆ ಜನವೋ ಜನ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡ ಮುದುಕರು, ಸೀರೆ ಎತ್ತಿ ಸಿಕ್ಕಿಸಿಕೊಂಡ ಹೆಂಗಸರು, ಅಂಗಡಿಗೆ ಹಾಗೇ ಬಾಗಿಲು ಎಳೆದು ಬಂದವರು, ಎಲ್ಲರೂ ಐಸಾ, ಐಸಾ ಎಂದು ಎಳೆದರು. ತಾರಸಿಯ ಮೇಲೆ ಸೀತು ಖಾಲಿ ಕೈಯನ್ನೇ ಮುಷ್ಟಿ ಮಾಡಿ ಅವರ ಜೊತೆ ಹಿಂದಕ್ಕೆ ಜಗ್ಗುತ್ತಿದ್ದಳು.

"ಎಂತ ಆಯ್ತ್? ಹೇಳ್ ಮಗಾ!" ಈಗ ಕೇಳಿದ್ದು ರವಿಚಂದ್ರ.

ಬಲೆಯ ಹೊಟ್ಟೆ ಮರಳಿಗೆ ಬಂತು. ಮೊದಲು ಒಂದು ಮಿಂಚು. ಆಮೇಲೆ ದಡದ ಮೇಲೆ ಬೆಳ್ಳಿಯ ರಾಶಿ, ಪಟಪಟ ಹೊಡೆದುಕೊಳ್ಳುವ ಬಂಗುಡೆ. ಚಂದನಾ ಕಿರುಚಿದಳು. ವಾರ್ಡಿನಿಂದಲೂ ಅದಕ್ಕೆ ಉತ್ತರವಾಗಿ ಒಂದು ದೊಡ್ಡ ಕೂಗು ಎದ್ದಿತು. ಅದರ ಹಿಂದೆಯೇ ನರ್ಸ್ ಬಂದು ಎಲ್ಲರನ್ನೂ ಗದರಿಸಿ ಮಲಗಿಸಿದ್ದೂ ಕೇಳಿಸಿತು.

ಮಧ್ಯಾಹ್ನ ಗಳುವಿನ ತುದಿಯಲ್ಲಿ ಬಕೆಟ್ ತುಂಬ ಮೀನು ಬಂತು.

"ಇಷ್ಟೆಲ್ಲ ಎಂತಕೆ? ನಾವ್ ಇಪ್ಪುದ್ ಇಬ್ರ್," ಎಂದಳು ಸೀತು.

"ಕಂಡ್ ಹೇಳ್ದರ ಪಾಲ್ ಅದ್," ಎಂದ ಪಾಂಡು. "ಇಷ್ಟ್ ವರ್ಷ ಗೋವರ್ಧನಣ್ಣ ತಕಂಡಿರ್. ಈ ಸಲ ನೀವ್."

ಸೀತುಗೆ ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಎಲ್ಲರ ಮನಿಗೂ ಸಾಕಾಯ್ತಾ?"

"ಎಲ್ಲರಿಗೂ ಆಯ್ತ್," ಎಂದು ವನಜ ನಕ್ಕಳು. "ಮಿಕ್ದನ್ನ ಬೈಂದೂರಿಗ್ ಕಳ್ಸ್ಯಾಯ್ತ್."

ಮುಂದಿನ ವಾರ ಗೋವರ್ಧನ ಮನೆಗೆ ಬಂದ. ಅವನಿಗೆ ಮೆಟ್ಟಿಲು ಹತ್ತುವ ಶಕ್ತಿ ಇನ್ನೂ ಬಂದಿರಲಿಲ್ಲ. ಜಗಲಿಯಲ್ಲಿ ಕೂತು, ಆವತ್ತು ಬಲೆ ಇಳಿಸುವುದು ಒಂದು ಚೂರು ತಡವಾಯಿತು ಎಂದು ಹೆಂಡತಿಯ ಮೇಲೆ ತಕರಾರು ತೆಗೆದ. ಸೀತು ಬೈರಾಸನ್ನು ಹೆಗಲಿಗೆ ಹಾಕಿಕೊಂಡು ತಾರಸಿಗೆ ಹೊರಟಳು. ಕೆಳಗೆ ಪಾಂಡುವಿನ ತಂಡ ಆಗಲೇ ದೋಣಿಗೆ ಬಲೆ ತುಂಬುತ್ತಿತ್ತು.