ಎಡಪಕ್ಕೆಯ ಗಡ್ಡೆ

ಸರಗೂರಿನಾಚೆ, ಕಾಡಿನಂಚಿನ ನಮ್ಮೂರಿನಲ್ಲಿ ಎಲ್ಲರ ಎಡಪಕ್ಕೆಯ ಕೆಳಗೂ ಒಂದು ಗಡ್ಡೆ ಕೈಗೆ ಸಿಗುತ್ತಿತ್ತು. ಕಣ್ಣು, ಮೂಗಿನ ಹಾಗೆ ಅದನ್ನೂ ದೇವರೇ ಕೊಟ್ಟದ್ದು ಎಂದು ನಾವು ತಿಳಿದಿದ್ದೆವು. ಚಳಿಜ್ವರದಲ್ಲಿ ಉಳಿದ ಮಗುವಿನ ಹೊಟ್ಟೆ ಒತ್ತಿ ನನ್ನಜ್ಜಿ ಕುಳ್ಳಮ್ಮ, "ಗಡ್ಡೆ ಕೂತದೆ, ಇನ್ನು ಬದುಕ್ತದೆ" ಎನ್ನುವಳು. ಊರಿಗೆಲ್ಲ ಅದೇ ಸರ್ಟಿಫಿಕೇಟು.

ನನ್ನನ್ನು ನೋಡಲು ಕಟ್ಟೆಮಳಲವಾಡಿಯಿಂದ ಮುದ್ದಯ್ಯ ತನ್ನ ಸೋದರಮಾವ ಮಂಚಯ್ಯನೊಡನೆ ಬಂದ. ನೀರು ಕೊಟ್ಟಾಗ ಮೆಲ್ಲಗೆ, "ನಿಂದು ಊಟ ಆಯ್ತಾ?" ಎಂದ. ಅಷ್ಟಕ್ಕೇ ನನಗೆ ಅವನು ಹಿಡಿಸಿಬಿಟ್ಟ. ಊಟವಾದ ಮೇಲೆ ಅಜ್ಜಿ ಅವನನ್ನು ಚಾಪೆಯ ಮೇಲೆ ಮಲಗಿಸಿ ಪಕ್ಕೆಯೆಲ್ಲ ತಡಕಾಡಿದಳು.

"ಈ ಗಂಡಿಗೆ ಗಡ್ಡೆನೇ ಇಲ್ಲ ಕಣ್ರೀ. ಅರೆ ಆಯಸ್ಸಿನೋನು. ಎಣ್ಣು ಕೊಡಾಕಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಒಳ್ಳೆಯ ಗಂಡನ್ನು ಒಂದು ಗಡ್ಡೆಗಾಗಿ ಕಳೆದುಕೊಳ್ಳುವುದೇ? "ಸರಗೂರು ಡಾಕ್ಟ್ರನ್ನೇ ಕೇಳಾಣ ನಡಿಯಜ್ಜಿ" ಎಂದು ಹಟ ಹಿಡಿದು ಎಲ್ಲರನ್ನೂ ಗಾಡಿ ಹತ್ತಿಸಿದೆ.

ಡಾಕ್ಟರು ನಂಜುಂಡಸ್ವಾಮಿ ಮುದ್ದಯ್ಯನ ಪಕ್ಕೆ ಒತ್ತಿದರು, ಆಮೇಲೆ ನನ್ನದು. "ಇದರ ಹೆಸರು ಪ್ಲೀಹ ಕಣಮ್ಮ. ಎಲ್ಲರಿಗೂ ಇರ್ತದೆ. ಸರಿಯಾಗಿದ್ದಾಗ ಪಕ್ಕೆಲುಬಿನ ಒಳಗೆ ಅಡಗಿರ್ತದೆ, ಕೈಗೆ ಸಿಗೋದಿಲ್ಲ. ಮಲೇರಿಯಾ ಬಂದೂ ಬಂದೂ ಊದಿಕೊಂಡ್ರೆ ಕೆಳಗಿಳೀತದೆ. ಈ ಹುಡುಗ ಚೆನ್ನಾಗಿದಾನೆ. ಕಾಯಿಲೆ ಇರೋದು ನಿಮ್ಮ ಹುಡುಗಿಗೆ."

ಎಲ್ಲರನ್ನೂ ಇಲ್ಲಿಗೆ ಎಳೆದು ತಂದವಳು ನಾನೇ ಅಲ್ಲವೇ.

ಮಂಚಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. "ನಡಿಯಲಾ ಮುದ್ದ, ಊರಿಗೆ ಓಗಾಕೆ ಒತ್ತಾಯ್ತು."

ಮುದ್ದಯ್ಯ ಕೂತಲ್ಲಿಂದ ಏಳಲಿಲ್ಲ. "ಇದು ಇಳೀತದಾ ಸ್ವಾಮಿ?"

"ಕ್ವಿನೈನು ತಪ್ಪದೆ ಕುಡಿದ್ರೆ ನಿಧಾನಕ್ಕೆ ಇಳೀತದೆ. ಆದ್ರೆ ಬಲು ಕಹಿ, ಎಲ್ಲರೂ ನಡುವೆ ಬಿಟ್ಟುಬಿಡ್ತಾರೆ."

"ಬುಡಾಕಿಲ್ಲ, ನಾನು ಕುಡುಸ್ತೀನಿ" ಎಂದ ಮುದ್ದಯ್ಯ. "ಸೀಸೆ ಇವತ್ತೇ ಕೊಟ್ಬುಡಿ. ಲಗ್ನದ ಗಂಟ ಯಾಕೆ ಕಾಯಬೇಕು?"

ಮಂಚಯ್ಯ ಟವೆಲ್ಲು ಹೆಗಲಿನಿಂದ ತೆಗೆದು ಮತ್ತೆ ಬೆಂಚಿನ ಮೇಲೆ ಕೂತ. ಅಜ್ಜಿ ತನ್ನ ಪಕ್ಕೆಯನ್ನೇ ಒತ್ತಿ ನೋಡಿಕೊಳ್ಳುತ್ತಿದ್ದಳು. ಕಾಂಪೌಂಡರು ಕೊಟ್ಟ ಮೊದಲ ಗುಟುಕನ್ನು ನಾನು ಅಲ್ಲೇ ಕುಡಿದೆ. ಕಹಿ ಕಿವಿಯವರೆಗೂ ಏರಿತು. ಆದರೂ ಮುಖ ಕಿವಿಚಲಿಲ್ಲ, ಅವನು ನೋಡುತ್ತಿದ್ದ.